ಶಿವಮೊಗ್ಗದಲ್ಲಿ ವೀಲ್‌ಚೇರ್ ಓಡಾಡುವ ಬಾಡಿಗೆ ಮನೆ: ಸವಿತಕ್ಕನ ಪ್ರಶ್ನೆಗೆ ಉತ್ತರ

ಸವಿತಕ್ಕ, ನೀವು ಕೇಳಿದ್ದು ಇಷ್ಟು: ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದು ಯಜಮಾನರ ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರಲ್ಲಿದ್ದಾರೆ, ಫಿಸಿಯೋಥೆರಪಿಗೂ ಮಕ್ಕಳ ಓದಿಗೂ ಅಂತ ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಬರಬೇಕು, ಬ್ರೋಕರ್ ಮೂರು ಅಪಾರ್ಟ್‌ಮೆಂಟ್ ಹೇಳಿ ಮೂರಕ್ಕೂ "ಲಿಫ್ಟ್ ಇದೆ, ಏನೂ ತೊಂದರೆ ಇಲ್ಲ" ಅಂದಿದ್ದಾರೆ, ನಂಬಬಹುದಾ ಅಂತ. ಅಡಿಕೆ ಬೆಳೆಗಾರರ ಗುಂಪಲ್ಲಿ ಇದನ್ನ ಕೇಳೋದು ಸರಿಯೋ ಇಲ್ಲವೋ ಅಂತ ಸಂಕೋಚಪಟ್ಟಿದ್ದೀರಿ. ಸಂಕೋಚ ಬೇಡ. ಮರದಿಂದ ಬಿದ್ದವರ ಮನೆಯವರಿಗೆ ಬೇಕಾದ ವಿಷಯ ಇದು, ಇಲ್ಲಿ ಕೇಳದೆ ಇನ್ನೆಲ್ಲಿ ಕೇಳ್ತೀರಿ? ಉದ್ದ ಆದರೂ ಪೂರ್ತಿ ಬರೀತೀನಿ.

ಮನೆ ನೋಡೋಕೆ ಹೊರಡೋ ಮೊದಲು ಕುರ್ಚಿ ಅಳೆಯಿರಿ, ಯಜಮಾನರು ಅದರಲ್ಲಿ ಕೂತಿರುವಾಗಲೇ. ಅಗಲ ಅಂದ್ರೆ ಸೀಟಿನ ಅಗಲ ಅಲ್ಲ, ಕೈಯಲ್ಲಿ ತಿರುಗಿಸುವ ಎರಡು ಬಳೆಗಳ ಹೊರ ಅಂಚಿನಿಂದ ಅಂಚಿಗೆ. 18 ಇಂಚು ಸೀಟಿನ ಮಡಚುವ ಕುರ್ಚಿ ಸಾಮಾನ್ಯವಾಗಿ 25ರಿಂದ 26 ಇಂಚು ಬರುತ್ತೆ. ಉದ್ದ ಹಿಂದಿನ ಗಾಲಿಯಿಂದ ಕಾಲ್ಬೆರಳ ತುದಿವರೆಗೆ, ಸುಮಾರು 42ರಿಂದ 44 ಇಂಚು. ಸೀಟಿನ ಎತ್ತರವನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ಒಂದು ದೊಡ್ಡ ರಟ್ಟನ್ನ ಅದೇ ಉದ್ದ ಅಗಲಕ್ಕೆ ಕತ್ತರಿಸಿ. ಯಜಮಾನರನ್ನ ಮನೆಮನೆಗೂ ಕರ್ಕೊಂಡು ಹೋಗಿ ದಣಿಸೋದು ಬೇಡ, ಆ ರಟ್ಟು ಹಿಡ್ಕೊಂಡು ಹೋಗಿ. ಲಿಫ್ಟ್ ಒಳಗೆ ನೆಲದ ಮೇಲೆ ಹಾಸಿ, ಬಚ್ಚಲಲ್ಲಿ ಹಾಸಿ, ಪ್ಯಾಸೇಜಿಂದ ರೂಮಿಗೆ ನೆಲದ ಮೇಲೇ ತಿರುಗಿಸಿ ನೋಡಿ. ಬ್ರೋಕರ್ ಏನೇ ಹೇಳಲಿ, ರಟ್ಟು ತಿರುಗದ ಕಡೆ ಕುರ್ಚಿ ತಿರುಗಲ್ಲ.

ಮನೆಯೊಳಗೆ ಹೋದ ಕೂಡಲೇ ಹಾಲ್, ಬಾಲ್ಕನಿ ನೋಡ್ತಾ ನಿಲ್ಲಬೇಡಿ. ನೇರ ಬಚ್ಚಲಿಗೆ ಹೋಗಿ. ಮನೆ ಆಗುತ್ತೋ ಇಲ್ಲವೋ ಅನ್ನೋದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನ ಆಗುತ್ತೆ. ನಮ್ಮ ಕಡೆ ಬಚ್ಚಲು, ಟಾಯ್ಲೆಟ್‌ಗೆ ಎರಡೂವರೆ ಅಡಿ ಬಾಗಿಲು ಇಡೋದು ವಾಡಿಕೆ. ಎರಡೂವರೆ ಅಡಿ ಅಂದ್ರೆ 30 ಇಂಚು, 26 ಇಂಚಿನ ಕುರ್ಚಿ ಆರಾಮಾಗಿ ಹೋಗುತ್ತೆ ಅಂತ ಅನ್ನಿಸುತ್ತೆ. ಆದರೆ ಆ 30 ಇಂಚು ಚೌಕಟ್ಟಿನ ಹೊರ ಅಳತೆ. ಎರಡೂ ಬದಿ ಎರಡೂವರೆ ಇಂಚು ಮರ ಕಳೆದರೆ ಉಳಿಯೋದು 25, ಬಾಗಿಲು ಪೂರ್ತಿ ಹಿಂದಕ್ಕೆ ಮಡಚದೆ ಇದ್ದರೆ 24. ಒಳ ಅಂಚಿನಿಂದ ಒಳ ಅಂಚಿಗೆ ಟೇಪ್ ಹಿಡಿದು, ಬಾಗಿಲು ತೆರೆದಿಟ್ಟೇ ಅಳೆಯಿರಿ. ಕೇಂದ್ರ ಸರ್ಕಾರದ 2021ರ ಮಾನದಂಡದಲ್ಲಿ ಬಾಗಿಲಿಗೆ 900 ಮಿಮೀ, ಅಂದ್ರೆ ಸುಮಾರು 3 ಅಡಿ, ಪೂರ್ತಿ ಖಾಲಿ ಜಾಗ ಇರಬೇಕು ಅಂತಿದೆ. ಬಾಡಿಗೆ ಮನೆಯ ಬಚ್ಚಲಲ್ಲಿ ಅದು ಸಿಗೋದು ಅಪರೂಪ.

ಹಾಗಂತ ಮನೆ ಬಿಡಬೇಕಾಗಿಲ್ಲ. ಬಾಗಿಲ ರೆಕ್ಕೆ ಬಿಚ್ಚಿಟ್ಟು ಪರದೆ ಹಾಕಿದರೆ ಒಂದು ಇಂಚು ಸಿಗುತ್ತೆ. ಅದಕ್ಕಿಂತ ಒಳ್ಳೇ ದಾರಿ, ಬಚ್ಚಲಿಗೆ ಅಂತಲೇ ಗಾಲಿ ಇರುವ ಕಮೋಡ್ ಕುರ್ಚಿ ತಗೊಳ್ಳೋದು. ಅದಕ್ಕೆ ದೊಡ್ಡ ಗಾಲಿ, ಬಳೆ ಇರದ ಕಾರಣ ಕಿರಿದಾಗಿರುತ್ತೆ. ಮಂಚದಿಂದಲೇ ಅದಕ್ಕೆ ದಾಟಿಸಿ, ಒಳಗೆ ತಳ್ಳಿ, ಅದರ ಮೇಲೇ ಸ್ನಾನ ಮಾಡಿಸಬಹುದು. ಇಲ್ಲಿ ಕಮೋಡ್ ಯಾವ ಕಡೆ ಮುಖ ಮಾಡಿದೆ ಅನ್ನೋದು ಮುಖ್ಯ. ಬಚ್ಚಲು 4 ಅಡಿ ಅಗಲ, 7 ಅಡಿ ಉದ್ದ ಇದ್ದು, ಬಾಗಿಲು ಗಿಡ್ಡ ಗೋಡೆಯಲ್ಲಿ, ಕಮೋಡ್ ಎದುರು ಗೋಡೆಗೆ ಬಾಗಿಲ ಕಡೆ ಮುಖ ಮಾಡಿದ್ದರೆ ಕುರ್ಚಿಯನ್ನ ಹಿಮ್ಮುಖವಾಗಿ ತಳ್ಳಿ ಕಮೋಡ್ ಮೇಲೇ ನಿಲ್ಲಿಸಬಹುದು. ಕಮೋಡ್ ಉದ್ದ ಗೋಡೆಗೆ ಇದ್ದರೆ 4 ಅಡಿಯೊಳಗೆ ಕುರ್ಚಿ ತಿರುಗಿಸಲು ಜಾಗ ಸಾಲಲ್ಲ. ಹೊರನೋಟಕ್ಕೆ ಒಂದೇ ಥರ ಕಾಣುವ ಎರಡು ಬಚ್ಚಲಲ್ಲಿ ಒಂದು ಆಗುತ್ತೆ, ಇನ್ನೊಂದು ಆಗಲ್ಲ.

ಬಚ್ಚಲ ನೆಲ ರೂಮಿಗಿಂತ ಒಂದೆರಡು ಇಂಚು ತಗ್ಗಿರುತ್ತೆ, ನೀರು ಹೊರಗೆ ಬಾರದ ಹಾಗೆ ಗ್ರಾನೈಟ್ ಪಟ್ಟಿ ಬೇರೆ. ಮುಂದಿನ ಚಿಕ್ಕ ಗಾಲಿ ಅರ್ಧ ಇಂಚು ಅಂಚಿಗೇ ತಡೆದು ನಿಲ್ಲುತ್ತೆ, ಕೂತವರು ಮುಂದಕ್ಕೆ ಜಾರ್ತಾರೆ. ಒಳಗೂ ಹೊರಗೂ ಓರೆಯಾದ ಮರದ ಅಥವಾ ಗಟ್ಟಿ ರಬ್ಬರಿನ ತುಂಡು ಇಟ್ಟರೆ ಸರಿಹೋಗುತ್ತೆ. ಕೈಹಿಡಿಗೆ ಟವೆಲ್ ರಾಡ್ ನಂಬಬೇಡಿ, ಅದು ಭಾರ ತಡೆಯಲ್ಲ. ಒಂದೂವರೆ ಇಂಚು ದಪ್ಪದ ಸ್ಟೀಲ್ ಗ್ರ್ಯಾಬ್ ಬಾರ್ ಅನ್ನ ನೆಲದಿಂದ 28ರಿಂದ 30 ಇಂಚು ಎತ್ತರದಲ್ಲಿ, ಪ್ಲಾಸ್ಟಿಕ್ ಗಿಟ್ಟಿ ಬದಲು ಆಂಕರ್ ಬೋಲ್ಟ್ ಹಾಕಿ ಕೂರಿಸಿ. ಟೊಳ್ಳು ಬ್ಲಾಕಿನ ಗೋಡೆಯಾದರೆ ಬೋಲ್ಟ್ ಹಿಡಿಯಲ್ಲ. ಗೋಡೆ ಬಡಿದು ನೋಡಿ, ಅನುಮಾನ ಇದ್ದರೆ ಮೇಸ್ತ್ರಿಯನ್ನ ಕೇಳಿ. ಕುರ್ಚಿ ಸೀಟು 19-20 ಇಂಚು ಇದ್ದು ಕಮೋಡ್ 15-16 ಇಂಚು ಮಾತ್ರ ಇದ್ದರೆ ಇಳಿಯೋದು ಸುಲಭ, ವಾಪಸ್ ಏರೋದು ಕಷ್ಟ. ಎತ್ತರಿಸುವ ಸೀಟು ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತೆ. ಮಂಚವನ್ನೂ ಕುರ್ಚಿ ಸೀಟಿನ ಎತ್ತರಕ್ಕೇ ತನ್ನಿ, ಒಂದು ಬದಿ 3 ಅಡಿ ಖಾಲಿ ಬಿಡಿ.

ಈಗ ಲಿಫ್ಟ್. ಒಳಗೊಂದು ಫಲಕದಲ್ಲಿ ಎಷ್ಟು ಜನ, ಎಷ್ಟು ಕೆಜಿ ಅಂತ ಬರೆದಿರುತ್ತೆ, ಮೊದಲು ಅದರ ಫೋಟೋ ತರಿಸಿಕೊಳ್ಳಿ. 6 ಜನರ 408 ಕೆಜಿ ಲಿಫ್ಟ್‌ಗೆ ಭಾರತೀಯ ಮಾನಕದ ಪ್ರಕಾರ ಒಳಗೆ 1100 ಮಿಮೀ ಅಗಲ, 1000 ಮಿಮೀ ಆಳ, ಬಾಗಿಲು 700 ಮಿಮೀ. ನಿಮ್ಮ ಕುರ್ಚಿ ಉದ್ದ 1070ರಿಂದ 1120 ಮಿಮೀ. ಪಾದದ ಪಟ್ಟಿ ಕಳಚದೆ ಬಾಗಿಲು ಮುಚ್ಚಲ್ಲ, ದಿನಾ ಕಾಲು ಮಡಚಿ ಒತ್ತಿ ಕೂರಿಸಿದರೆ ಸ್ಪರ್ಶ ಇಲ್ಲದ ಕಾಲಿಗೆ ಗಾಯ ಆದರೂ ಗೊತ್ತಾಗಲ್ಲ. 8 ಜನರದ್ದು (544 ಕೆಜಿ) 1300ಕ್ಕೆ 1100, ಬಾಗಿಲು 800; ಕುರ್ಚಿ ಉದ್ದ 1100 ಮಿಮೀಗಿಂತ ಕಮ್ಮಿ ಇದ್ದರೆ ನೇರವಾಗಿ ಹಿಡಿಯುತ್ತೆ, ಪಕ್ಕದಲ್ಲಿ ಒಬ್ಬರು ನಿಲ್ಲಬಹುದು. 10 ಜನರದ್ದು ಸಿಕ್ಕರೆ ಆಳ 1350, ಚಿಂತೆ ಇಲ್ಲ. ಇವು ಮಾನಕದ ಅಳತೆ, ಹಳೇ ಕಟ್ಟಡದಲ್ಲಿ ಬೇರೆ ಇರಬಹುದು, ರಟ್ಟು ಹಾಸಿಯೇ ನೋಡಿ. ಲಿಫ್ಟ್ ಒಂದಿಂಚು ಮೇಲೆ ಕೆಳಗೆ ನಿಲ್ಲುವಂಥದ್ದಾದರೆ ಹಿಮ್ಮುಖವಾಗಿ ಒಳಗೆ ಹೋಗಿ, ದೊಡ್ಡ ಗಾಲಿ ದಾಟುತ್ತೆ.

ಲಿಫ್ಟಿಗಿಂತ ಮುಂಚೆ ಅಲ್ಲಿಗೆ ಹೋಗುವ ದಾರಿ ಇದೆ. ಕೆಳಗೆ ಪಾರ್ಕಿಂಗ್ ಇರುವ ಕಟ್ಟಡದಲ್ಲಿ ಮಳೆ ನೀರು ಲಿಫ್ಟ್ ಗುಂಡಿಗೆ ನುಗ್ಗಬಾರದು ಅಂತ ಎರಡು ಮೂರು ಮೆಟ್ಟಿಲು ಎತ್ತರಿಸಿರ್ತಾರೆ. ಫೋನಲ್ಲಿ ಯಾರೂ ಅದನ್ನ ಹೇಳಲ್ಲ. "ರಸ್ತೆಯಿಂದ ಲಿಫ್ಟ್‌ವರೆಗೆ ಎಷ್ಟು ಮೆಟ್ಟಿಲು, ಲಿಫ್ಟಿಂದ ಮನೆ ಬಾಗಿಲವರೆಗೆ ಎಷ್ಟು" ಅಂತ ಬಿಡಿಸಿ ಕೇಳಿ. ವಾಚ್‌ಮನ್ ಹತ್ತಿರ ಹೋದ ಮಳೆಗಾಲದಲ್ಲಿ ಲಿಫ್ಟ್ ಎಷ್ಟು ದಿನ ನಿಂತಿತ್ತು, ಗುಂಡಿಗೆ ನೀರು ಬಂದಿತ್ತಾ, ಕರೆಂಟ್ ಹೋದರೆ ಜನರೇಟರ್ ಲಿಫ್ಟಿಗೂ ಇದೆಯಾ ಅಥವಾ ಬರೀ ದೀಪಕ್ಕಾ ಅಂತ ವಿಚಾರಿಸಿ. ಜೂನ್-ಜುಲೈ ಗಾಳಿಮಳೆಗೆ ನಮ್ಮಲ್ಲಿ ಕರೆಂಟ್ ಹೋಗೋದು ನಿಮಗೆ ಗೊತ್ತೇ ಇದೆ. ಜನರೇಟರ್ ಇಲ್ಲದ ಕಡೆ ಮೊದಲ ಮಹಡಿಗಿಂತ ಮೇಲೆ ತಗೊಳ್ಳಬೇಡಿ, ನಾಲ್ಕು ಜನ ಸೇರಿದರೆ ಎತ್ತಿ ಇಳಿಸುವಷ್ಟು ಎತ್ತರದಲ್ಲೇ ಇರಿ.

ಗುಂಪಲ್ಲಿ ನಿಮ್ಮ ಪ್ರಶ್ನೆಗೆ ಕೆಲವರು "ಅಪಾರ್ಟ್‌ಮೆಂಟ್ ಯಾಕೆ, ಗ್ರೌಂಡ್ ಫ್ಲೋರ್ ಮನೆ ಹಿಡೀರಿ" ಅಂದಿದ್ದಾರೆ. ಲೆಕ್ಕ ಹಾಕಿ ನೋಡಿ. ಮುಂಬಾಗಿಲಿಗೆ 6 ಇಂಚಿನ 4 ಮೆಟ್ಟಿಲು ಇದ್ದರೆ ಎತ್ತರ 24 ಇಂಚು. ಇಳಿಜಾರು 12ಕ್ಕೆ 1 ಇರಬೇಕು, ಅಂದ್ರೆ 24 ಅಡಿ ಉದ್ದದ ರ‍್ಯಾಂಪ್, ತುದಿಗಳಲ್ಲಿ ತಿರುಗಲು 5 ಅಡಿ. 30x40 ಸೈಟಿನ ಮುಂದೆ ಬಿಟ್ಟಿರೋದೇ ಮೂರ್ನಾಲ್ಕು ಅಡಿ. ಬೈಕ್ ಹತ್ತಿಸೋಕೆ ಮಾಡಿರುವ ಕಡಿದಾದ ಸಿಮೆಂಟ್ ಇಳಿಜಾರನ್ನೇ ರ‍್ಯಾಂಪ್ ಅಂತ ತೋರಿಸ್ತಾರೆ, ಅದರಲ್ಲಿ ತಳ್ಳುವವರ ಕೈ ಜಾರಿದರೆ ಕುರ್ಚಿ ಸೀದಾ ರಸ್ತೆಗೆ. ಒಂದೇ ಮೆಟ್ಟಿಲ ಮನೆ ಸಿಕ್ಕರೆ ಮಾತ್ರ ಖಂಡಿತ ನೋಡಿ: 6 ಅಡಿ ಉದ್ದ, 3 ಅಡಿ ಅಗಲದ ಚೆಕ್ಕರ್ ಪ್ಲೇಟ್ (ಉಬ್ಬು ಗೆರೆ ಇರುವ ಕಬ್ಬಿಣದ ತಗಡು) ರ‍್ಯಾಂಪ್ ವೆಲ್ಡಿಂಗ್ ಶಾಪಲ್ಲಿ ಮಾಡಿಸಬಹುದು, ಬದಿಗೆ 2 ಇಂಚು ಅಂಚು ಎಬ್ಬಿಸಿ. 3 ಮಿಮೀ ತಗಡಾದರೆ 40 ಕೆಜಿ ದಾಟುತ್ತೆ, ಎರಡು ತುಂಡು ಮಾಡಿಸಿದರೆ ಎತ್ತಿಡಬಹುದು. ಹೊಸಿಲು ತೆಗೆಯೋಕೆ ಮಾಲೀಕರು ಒಪ್ಪಲ್ಲ, ಕೇಳೋದೂ ಬೇಡ, ಎರಡೂ ಬದಿ ಮರದ ಓರೆ ಇಟ್ಟರೆ ಸಾಕು. ಹೊರಗಿನ ರ‍್ಯಾಂಪ್ ಸಿಮೆಂಟಿನದಾದರೆ ನಯ ಮಾಡಿಸಬೇಡಿ, ಹಸಿ ಇರುವಾಗಲೇ ಅಡ್ಡಡ್ಡ ಪೊರಕೆ ಗೆರೆ ಎಳೆಸಿ. ನೆರಳಿನ ಜಾಗದಲ್ಲಿ ಆಷಾಢದ ಹೊತ್ತಿಗೆ ಪಾಚಿ ಕಟ್ಟುತ್ತೆ, ಬ್ಲೀಚಿಂಗ್ ಪುಡಿ ಹಾಕಿ ಉಜ್ಜುತ್ತಿರಬೇಕು. ಗೇಟಿನ ಮುಂದೆ ಚರಂಡಿ ಮೇಲೆ ಕಬ್ಬಿಣದ ಸರಳಿನ ಜಾಲಿ ಇದ್ದರೆ ಮುಂದಿನ ಗಾಲಿ ಸಿಕ್ಕಿಕೊಳ್ಳುತ್ತೆ, ಕಲ್ಲು ಚಪ್ಪಡಿ ಇರುವ ಕಡೆ ನೋಡಿ.

ಏರಿಯಾ ವಿಷಯ. ಮೆಗ್ಗಾನ್ ಆಸ್ಪತ್ರೆ ಕಡೆ ಓಡಾಟ ಇದ್ದರೆ ಸಾಗರ ರಸ್ತೆಗೆ ಹತ್ತಿರ ಹುಡುಕಿ, ಆಟೋದಲ್ಲಿ ಕುರ್ಚಿ ಮಡಚಿ ಹೋಗುವವರಿಗೆ ಒಂದೊಂದು ಕಿಲೋಮೀಟರೂ ಭಾರ. ದುರ್ಗಿಗುಡಿ, ಗಾಂಧಿ ಬಜಾರ್ ಸುತ್ತ ಅಂಗಡಿ ಮೇಲಿನ ಮನೆಗಳಿಗೆ ಕಡಿದಾದ ಮೆಟ್ಟಿಲು, ಸಮಯ ಹಾಳು ಮಾಡಬೇಡಿ. ತುಂಗಾ ನದಿ ಅಂಚಿನ ತಗ್ಗು ಬಡಾವಣೆಗಳಲ್ಲಿ ಬಾಡಿಗೆ ಕಮ್ಮಿ ಸಿಕ್ಕರೂ 2019ರ ಆಗಸ್ಟ್ ನೆರೆಯಲ್ಲಿ ಆ ಬೀದಿಗೆ ನೀರು ಬಂದಿತ್ತಾ ಅಂತ ಅಕ್ಕಪಕ್ಕದವರನ್ನ ಕೇಳಿ. ರಾತ್ರಿ ದಿಢೀರ್ ಮನೆ ಖಾಲಿ ಮಾಡುವ ಪರಿಸ್ಥಿತಿ ಯಜಮಾನರಿಗೆ ಬರಬಾರದು.

ಬ್ರೋಕರ್ ಒಬ್ಬರನ್ನೇ ನೆಚ್ಚಬೇಡಿ. ಪಾಲಿಕೆ ವ್ಯಾಪ್ತಿಯಲ್ಲಿ ವಿಕಲಚೇತನರ ಇಲಾಖೆಯ ನಗರ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ವೀಲ್‌ಚೇರ್ ಇರುವ ಮನೆಗಳಿಗೆ ಓಡಾಡುವವರು ಅವರು. ಅಂಥ ಕುಟುಂಬ ಖಾಲಿ ಮಾಡುವ ಮನೆ ಸಿಕ್ಕರೆ ಅರ್ಧ ಕೆಲಸ ಆಗಲೇ ಆಗಿರುತ್ತೆ. ಫಿಸಿಯೋಥೆರಪಿಸ್ಟ್ ಹತ್ತಿರವೂ ಕೇಳಿ.

ಮಾಲೀಕರ ಜೊತೆ ಮಾತಾಡುವಾಗ ಯಜಮಾನರ ವಿಷಯ ಮುಚ್ಚಿಡಬೇಡಿ, ಅಡ್ವಾನ್ಸ್ ಕೊಡೋ ಮೊದಲೇ ಹೇಳಿ. ಅವರಿಗಿರೋ ಹೆದರಿಕೆ ಟೈಲ್ಸ್ ಒಡೆಯುತ್ತೆ ಅನ್ನೋದು. ಎಷ್ಟು ತೂತು, ಯಾವ ಬಾಗಿಲು, ಎಲ್ಲಿ ರ‍್ಯಾಂಪ್ ಅಂತ ಒಂದು ಹಾಳೆಯಲ್ಲಿ ಬರೆದು ತೋರಿಸಿ, ಬಿಡುವಾಗ ತೆಗೆಯಬೇಕಾ ಬಿಟ್ಟು ಹೋಗಬೇಕಾ, ಖರ್ಚು ಯಾರದು ಅನ್ನೋದನ್ನ ಕರಾರಿನಲ್ಲೇ ಸೇರಿಸಿ. ಲಿಫ್ಟ್ ಹತ್ತಿರದ ಪಾರ್ಕಿಂಗ್ ಜಾಗವನ್ನೂ ಅದರಲ್ಲೇ ಬರೆಸಿ, ಕಾರಿನ ಬದಿಯಲ್ಲಿ ಕುರ್ಚಿ ನಿಲ್ಲಿಸೋಕೆ ಕನಿಷ್ಠ 3-4 ಅಡಿ ಬೇಕು.

ಆ ಮೂರು ಮನೆಗಳ ಬಚ್ಚಲ ಬಾಗಿಲಿಗೆ ಟೇಪ್ ಹಿಡಿದ ಫೋಟೋ, ಲಿಫ್ಟ್ ಫಲಕದ ಫೋಟೋ, ರಸ್ತೆಯಿಂದ ಲಿಫ್ಟ್‌ವರೆಗಿನ ಒಂದು ವಿಡಿಯೋ ಬ್ರೋಕರ್ ಹತ್ತಿರ ತರಿಸಿ ಇಲ್ಲೇ ಹಾಕಿ. ಯಾವುದಕ್ಕೆ ಹೋಗಿ ನೋಡಬಹುದು ಅಂತ ಹೇಳ್ತೀನಿ.