ಹಿಂದೆ ಮಾತ್ರ ಸರಿಯಬೇಡಿ

ಪ್ರಶ್ನೆ: ನನಗೆ 26 ವರ್ಷ. ವಿಯೆಟ್ನಾಮಿನ ಹೋ ಚಿ ಮಿನ್ ಸಿಟಿಯ ಒಂದು ಸಂಜೆ ಶಾಲೆಯಲ್ಲಿ ಎರಡು ತಿಂಗಳು ಸಂಬಳವಿಲ್ಲದೆ ಇಂಗ್ಲಿಷ್ ಕಲಿಸಲು ಹೋಗುತ್ತಿದ್ದೇನೆ. ಅಲ್ಲಿ ರಸ್ತೆ ದಾಟುವುದೇ ಕಷ್ಟವಂತೆ. ನಾನು ಸಸ್ಯಾಹಾರಿ, ಊಟಕ್ಕೇನು ಮಾಡಲಿ? ಬಿಡುವಿದ್ದಾಗ ಎಲ್ಲಿಗೆ ಹೋಗಲಿ?
– ಓದುಗಿ, ತೀರ್ಥಹಳ್ಳಿ

ಉತ್ತರ: ಟೀಚರ್ ಕೆಲಸದಿಂದ ನಿವೃತ್ತಿಯಾದ ಮೇಲೆ ನಾನೂ ಅದೇ ಊರಲ್ಲಿ ಮೂರು ತಿಂಗಳು ಇದೇ ಕೆಲಸ ಮಾಡಿ ಬಂದವಳು. ಮೊದಲ ದಿನ ಬೆನ್ ಥಾನ್ ಮಾರ್ಕೆಟ್ ಎದುರು ಹತ್ತು ನಿಮಿಷ ಸುಮ್ನೆ ನಿಂತಿದ್ದೆ. ಬೈಕ್‌ಗಳ ಸಾಲು ಮುಗಿದರೆ ತಾನೇ ದಾಟೋದು! ಕೊನೆಗೆ ಸೊಪ್ಪಿನ ಚೀಲ ಹಿಡಿದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು ಎಳೆದುಕೊಂಡೇ ಹೋದರು. ಗುಟ್ಟು ಇಷ್ಟೇ: ಒಂದೇ ವೇಗದಲ್ಲಿ ನಿಧಾನ ನಡೆಯಿರಿ. ಓಡಬೇಡಿ, ಗಾಬರಿಯಾಗಿ ಹಿಂದೆ ಸರಿಯಬೇಡಿ. ನೀವು ಎಲ್ಲಿರುತ್ತೀರಿ ಅಂತ ಅಂದಾಜು ಮಾಡಿಯೇ ಬೈಕಿನವರು ಪಕ್ಕಕ್ಕೆ ಹೋಗುತ್ತಾರೆ. ಆದರೆ ಬಸ್ಸಿಗೆ ಈ ಲೆಕ್ಕ ಇಲ್ಲ, ಅದು ಬಂದರೆ ನಿಂತುಬಿಡಿ. ಅಲ್ಲಿ ವಾಹನ ಓಡುವುದು ಬಲಗಡೆ. ಹಾಗಾಗಿ ಮೊದಲು ಎಡಕ್ಕೆ ನೋಡಿ. ನಮ್ಮ ಕತ್ತು ಅಭ್ಯಾಸಬಲದಿಂದ ಬಲಕ್ಕೇ ತಿರುಗುತ್ತೆ, ಎಚ್ಚರ.

ಊಟಕ್ಕೆ ‘ಚೈ’ ಅನ್ನುವ ಒಂದು ಪದ ಕಲಿಯಿರಿ. ಸಸ್ಯಾಹಾರ ಅಂತ ಅರ್ಥ, ಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತೆ. ಅಲ್ಲಿನ ಬೌದ್ಧರಲ್ಲಿ ಅನೇಕರು ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮಾಂಸ ಮುಟ್ಟುವುದಿಲ್ಲ. ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ, ಹುಣ್ಣಿಮೆ! ಆ ದಿನ ಚೈ ಅಂಗಡಿಗಳಲ್ಲಿ ಜನ ಜಾಸ್ತಿ, ಬೇಗ ಹೋಗಿ. ಬರೀ ‘ಮಾಂಸ ಬೇಡ’ ಅಂದರೆ ಸಾಲದು, ಮೀನಿನ ಸಾಸ್ ಹಾಕಿಬಿಡುತ್ತಾರೆ. ಚೈ ಅಂಗಡಿಯಲ್ಲೇ ನನ್ನ ಬಟ್ಟಲಿಗೆ ಸಿಗಡಿ ಬಂದು ಎದೆ ಧಸಕ್ಕೆಂದಿತ್ತು. ನೋಡಿದರೆ ಸಿಗಡಿಯ ಆಕಾರ ಮಾಡಿದ ಹಿಟ್ಟು! ಅಂಥ ನಕಲಿ ಮಾಂಸ ಮಾಡುವುದರಲ್ಲಿ ಅವರದು ಎತ್ತಿದ ಕೈ.

ದುಡ್ಡಿನ ವಿಷಯ. 20,000 ಮತ್ತು 5,00,000 ಡಾಂಗ್ ನೋಟು ಎರಡೂ ನೀಲಿ. ಸಂಜೆ ಮಬ್ಬಿನಲ್ಲಿ ಎಳನೀರಿಗೆ ದೊಡ್ಡದನ್ನೇ ಕೊಟ್ಟು ಹೊರಟಿದ್ದೆ. ಮಾರುವ ಹುಡುಗ ಓಡಿ ಬಂದು ವಾಪಸ್ ಕೊಟ್ಟ. ಎಲ್ಲರೂ ಹಾಗಿರಲ್ಲ, ಬೇರೆ ಬೇರೆ ಜೇಬಲ್ಲಿ ಇಟ್ಟುಕೊಳ್ಳಿ.

ಸುತ್ತಾಡಲು ಯುದ್ಧದ ಮ್ಯೂಸಿಯಂ, ಫ್ರೆಂಚರ ಕಾಲದ ಅಂಚೆ ಕಚೇರಿ ಹೇಗೂ ನೋಡುತ್ತೀರಿ. ನಾನು ಮತ್ತೆ ಮತ್ತೆ ಹೋಗಿದ್ದು ಬೆನ್ ಥಾನ್ ಹತ್ತಿರದ ಮಾರಿಯಮ್ಮನ ಗುಡಿಗೆ. ತಮಿಳರು ಕಟ್ಟಿದ ಗುಡಿ, ಕೈಮುಗಿಯುವವರಲ್ಲಿ ಹೆಚ್ಚಿನವರು ವಿಯೆಟ್ನಾಮಿನವರೇ. ಒಬ್ಬ ಹೆಂಗಸು ಗರ್ಭಗುಡಿಯ ಹಿಂದಿನ ಕಲ್ಲಿಗೆ ಹಣೆ ಒತ್ತಿ ಪಿಸುಗುಟ್ಟುತ್ತಿದ್ದಳು. ಏನು ಕೇಳಿಕೊಂಡಳೋ, ಆ ತಾಯಿಗೇ ಗೊತ್ತು.

ಫಿಲ್ಟರ್ ಮರೆತು ಹೋದರೂ ಚಿಂತೆಯಿಲ್ಲ. ಅಲ್ಲಿ ಲೋಟದ ಮೇಲೆ ಪುಟ್ಟ ಫಿಲ್ಟರ್ ಕೂರಿಸಿ ಕಡು ರೊಬಸ್ಟಾ ಕಾಫಿ ಇಳಿಸುತ್ತಾರೆ. ತಳದಲ್ಲಿ ಕಂಡೆನ್ಸ್ಡ್ ಮಿಲ್ಕ್, ಮೇಲೆ ಐಸ್. ಐಸ್ ಬೇಡ ಅಂದರೆ ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಹಾಂ, ಮಕ್ಕಳು ನಿಮ್ಮನ್ನು ‘ಕೋ’ ಅಂತ ಕರೆಯುತ್ತವೆ. ಟೀಚರ್ ಅಂತಲೂ ಹೌದು, ಅಪ್ಪನ ತಂಗಿ ಅಂತಲೂ ಹೌದು. ಮೊದಲ ವಾರವೇ ನಲವತ್ತು ಮಕ್ಕಳಿಗೆ ಅತ್ತೆಯಾಗಿಬಿಟ್ಟಿದ್ದೆ.