ತಾರಸಿಯ ಕುಂಡದಲ್ಲಿ ಮಾವು, ಸೀಬೆ, ನಿಂಬೆ ನಿಜವಾಗಿಯೂ ಫಲ ಕೊಡುತ್ತವೆಯೇ?

ಬೆಂಗಳೂರಿನ ಮನೆಯ ತಾರಸಿಯಲ್ಲಿ ಕುಂಡದಲ್ಲಿಟ್ಟ ಹಣ್ಣಿನ ಗಿಡಗಳು ಫಲ ಕೊಡುತ್ತವೆಯೇ, ಯಾವುದರಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಖಂಡಿತ ಕೊಡುತ್ತವೆ, ನಮ್ಮ ತಾರಸಿಯಲ್ಲಿ ನಾನು ಇವನ್ನು ಬೆಳೆಸುತ್ತಿದ್ದೇನೆ. ಸೀಬೆಯಿಂದ ಆರಂಭಿಸಿ. ಹೊಸ ಚಿಗುರಿನಲ್ಲೇ ಹೂಬಿಡುವ ಗಿಡವಾದ್ದರಿಂದ, ಕೊಂಬೆಯ ತುದಿಗಳನ್ನು ಸವರಿದಷ್ಟೂ ಅದು ಗಿಡ್ಡವಾಗಿದ್ದುಕೊಂಡೇ ಕಾಯಿ ಕಚ್ಚುತ್ತದೆ. ಮಾವು ಹಾಗಲ್ಲ. ಅದು ಬಲಿತ ರೆಂಬೆಯ ತುದಿಯಲ್ಲಿ ಹೂಬಿಡುವುದರಿಂದ, ಕಾಯಿ ಕಿತ್ತ ಕೂಡಲೇ, ಮಳೆಗಾಲದ ಆರಂಭದಲ್ಲಿ ಸವರಬೇಕು. ಚಳಿಗಾಲದ ಹೊತ್ತಿಗೆ ಕತ್ತರಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದಂತೆ.

ಬೀಜದಿಂದ ಎದ್ದ ಮಾವಿನ ಸಸಿ ಫಲಕ್ಕೆ ಬರಲು ಹಲವು ವರ್ಷ ಹಿಡಿಯುವುದರಿಂದ ಕಸಿ ಗಿಡವನ್ನೇ ತನ್ನಿ. ದಶೇರಿ ಮತ್ತು ನೀಲಂ ತಳಿಗಳ ಸಂಕರದಿಂದ ಬಂದ ಆಮ್ರಪಾಲಿ ಸಹಜವಾಗಿಯೇ ಗಿಡ್ಡ ತಳಿಯಾಗಿದ್ದು ಕುಂಡಕ್ಕೆ ಒಗ್ಗುತ್ತದೆ. ಕಸಿಯ ಗಂಟಿನ, ಅಂದರೆ ಬುಡದ ಸಸಿಗೆ ಒಳ್ಳೆಯ ತಳಿಯ ರೆಂಬೆಯನ್ನು ಬೆಸೆದ ಜಾಗದ, ಕೆಳಗೆ ಒಡೆಯುವ ಚಿಗುರನ್ನು ಕಂಡ ತಕ್ಷಣ ಚಿವುಟಿ ಹಾಕಿ, ಇಲ್ಲದಿದ್ದರೆ ಬುಡದ ಕಾಟು ಗಿಡವೇ ಮೇಲುಗೈ ಸಾಧಿಸುತ್ತದೆ.

ಆರಂಭಕ್ಕೆ 18 ಅಂಗುಲದ ಕುಂಡ ಸಾಕು, ಮುಂದೆ 200 ಲೀಟರಿನ ಡ್ರಮ್ಮಿನ ಅರ್ಧಭಾಗ ಬೇಕಾಗುತ್ತದೆ. ಒದ್ದೆ ಮಣ್ಣು ತುಂಬಿದ ಅಂಥ ಅರ್ಧ ಡ್ರಮ್ 150 ಕಿಲೋ ಮೀರಬಹುದಾದ್ದರಿಂದ, ತಾರಸಿಯ ನಡುವೆ ಇಡದೆ ಕೆಳಗೆ ತೊಲೆ ಅಥವಾ ಗೋಡೆ ಇರುವ ಕಡೆ, ತಳದ ತೂತುಗಳು ಮುಚ್ಚದಂತೆ ಇಟ್ಟಿಗೆಗಳ ಮೇಲೆ ಇಡಬೇಕು. ಕೆಂಪು ಮಣ್ಣಿಗೆ ತೆಂಗಿನ ನಾರಿನ ಪುಡಿ, ಎರೆಹುಳು ಗೊಬ್ಬರ ಮತ್ತು ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿದರೆ ಭಾರವೂ ತಗ್ಗುತ್ತದೆ, ನೀರೂ ಬಸಿಯುತ್ತದೆ.

ನಿಂಬೆಗೆ ಮಾತ್ರ ದಿನವೂ ಕಣ್ಣಿಟ್ಟಿರಬೇಕು. ಎಳೆಯ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂದು-ಬಿಳಿ ಬಣ್ಣದ ಕಲೆ ನಿಜವಾಗಿ ಚಿಟ್ಟೆಯ ಮರಿಹುಳು; ಬಿಟ್ಟರೆ ಕೆಲವೇ ದಿನಗಳಲ್ಲಿ ಚಿಗುರನ್ನೆಲ್ಲ ತಿಂದು ಮುಗಿಸುತ್ತದೆ, ಔಷಧಿ ಬೇಡ, ಕೈಯಿಂದ ತೆಗೆದರೆ ಸಾಕು. ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆಯ ಲಕ್ಷಣ. ಬೋರ್‌ವೆಲ್ಲಿನ ಗಡಸು ನೀರನ್ನೇ ಸದಾ ಹಾಕುವ ಮನೆಗಳಲ್ಲಿ ಇದು ಸಾಮಾನ್ಯ, ಆದ್ದರಿಂದ ಸಾಧ್ಯವಾದಾಗಲೆಲ್ಲ ಮಳೆನೀರನ್ನು ಹಿಡಿದಿಟ್ಟು ನಿಂಬೆಗೆ ಮೊದಲು ಹಾಕಿ.