ಓದುಗರ ಪ್ರಶ್ನೆ: ಮಕ್ಕಳ ರಕ್ಷಣೆಯ ಕೆಲಸ ಕೈಗೆ ಹತ್ತುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ರಕ್ಷಣಾ ಘಟಕ, ಬಾಲಮಂದಿರ ಮತ್ತು ಸ್ವಯಂಸೇವಾ ಸಂಸ್ಥೆಗಳಲ್ಲಿ ದುಡಿಯುವವರದು. ಎಲ್ಲರೂ ತರಬೇತಿಯ ಬಗ್ಗೆಯೇ ಕೇಳಿದ್ದಾರೆ.

ಪ್ರಶ್ನೆ: ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕ್ಷೇತ್ರ ಕಾರ್ಯಕರ್ತೆಯಾಗಿ ಸೇರಿದ್ದೇನೆ. ತರಬೇತಿ ಯಾವಾಗ ಎಂದರೆ ‘ಬ್ಯಾಚ್ ಆಗಲಿ’ ಅಂತಾರೆ. ಅಲ್ಲಿಯವರೆಗೆ ಏನು ಕಲಿಯಲಿ?

ಉತ್ತರ: ಬ್ಯಾಚ್‌ಗೆ ಕಾಯಬೇಡಿ. ಮೊದಲು ಬಾಯಿಪಾಠ ಆಗಬೇಕಾದದ್ದು ಸೆಕ್ಷನ್ ಸಂಖ್ಯೆಗಳಲ್ಲ, ಗಡುವುಗಳು. ಪಾಲನೆ ಮತ್ತು ರಕ್ಷಣೆ ಬೇಕಿರುವ ಮಗು ಸಿಕ್ಕರೆ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ (ಮಗು ಎಲ್ಲಿ, ಯಾರ ಬಳಿ ಇರಬೇಕೆಂದು ತೀರ್ಮಾನಿಸುವ ಸಮಿತಿ) ಮುಂದೆ ಹಾಜರುಪಡಿಸಬೇಕು. ಮಗುವಿನ ಮನೆ, ಕುಟುಂಬದ ಸ್ಥಿತಿ ವಿಚಾರಿಸಿ ಬರೆಯುವ ಸಾಮಾಜಿಕ ತನಿಖಾ ವರದಿ 15 ದಿನದಲ್ಲಿ ಮುಗಿಯಬೇಕು. ಮೊದಲ ಹಾಜರಿಯಿಂದ 4 ತಿಂಗಳಲ್ಲಿ ಸಮಿತಿ ಅಂತಿಮ ಆದೇಶ ಕೊಡಬೇಕು. ವರದಿ ತಡವಾದರೆ ಆದೇಶ ತಡ, ಆದೇಶ ತಡವಾದರೆ ಮಗು ಬಾಲಮಂದಿರದಲ್ಲಿ ಸುಮ್ಮನೆ ಕೂತಿರುತ್ತದೆ.

ಹೊಸಬರು ಎಡವುವುದು ಶನಿವಾರ ಸಂಜೆ. ‘ಸಮಿತಿ ಕೂರೋದು ಸೋಮವಾರ, ಆಗ ಕರ್ಕೊಂಡು ಹೋಗೋಣ’ ಎಂದು ಮಗುವನ್ನು ಎಲ್ಲೋ ಇರಿಸಿಕೊಳ್ಳುತ್ತಾರೆ. ಸಮಿತಿ ಕೂರದ ಹೊತ್ತಿನಲ್ಲಿ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಲು ಬಾಲನ್ಯಾಯ ಕಾಯ್ದೆಯಲ್ಲೇ ಅವಕಾಶವಿದೆ. ಐವರು ಸದಸ್ಯರ ಫೋನ್ ನಂಬರ್ ನಿಮ್ಮ ಡೈರಿಯಲ್ಲಿರಲಿ.

ಆಮೇಲೆ ನಮೂನೆಗಳು. ಆ ಕಾಯ್ದೆಯ 2016ರ ಮಾದರಿ ನಿಯಮಗಳಲ್ಲಿ ಹಾಜರುಪಡಿಸುವ ವರದಿಗೆ ನಮೂನೆ 17, ಸಾಮಾಜಿಕ ತನಿಖಾ ವರದಿಗೆ 22, ವೈಯಕ್ತಿಕ ಪಾಲನಾ ಯೋಜನೆಗೆ 7. ಇವನ್ನು ಖಾಲಿ ಇಟ್ಟುಕೊಂಡು ಓದಿದರೆ ತಲೆಗೆ ಹೋಗುವುದಿಲ್ಲ. ಇತ್ಯರ್ಥವಾದ ಹತ್ತು ಕಡತ ಕೇಳಿ ಪಡೆದು, ಕಚೇರಿಯಲ್ಲೇ ಕೂತು, ಹಿಂದಿನಿಂದ ಮುಂದಕ್ಕೆ ಓದಿ: ಮೊದಲು ಅಂತಿಮ ಆದೇಶ, ಆಮೇಲೆ ಆ ಆದೇಶಕ್ಕೆ ವರದಿಯ ಯಾವ ಸಾಲು ಕಾರಣವಾಯಿತು ಎನ್ನುವುದು.

ಹೆಚ್ಚಿನ ವರದಿಗಳಲ್ಲಿ ಇಂಥ ಸಾಲು ಕಾಣುತ್ತದೆ: ‘ತಂದೆ ಕುಡುಕ, ಮನೆ ವಾತಾವರಣ ಸರಿಯಿಲ್ಲ, ಮಗುವನ್ನು ಸಂಸ್ಥೆಯಲ್ಲಿ ಇಡುವುದು ಸೂಕ್ತ.’ ಇದರಲ್ಲಿ ಕಂಡದ್ದು ಯಾವುದು, ಕೇಳಿದ್ದು ಯಾವುದು, ಬರೆದವರ ತೀರ್ಪು ಯಾವುದು ಒಂದೂ ತಿಳಿಯದು. ಅದನ್ನೇ ಹೀಗೆ ಬರೆಯಬಹುದು: ‘12ನೇ ತಾರೀಕು ಬೆಳಿಗ್ಗೆ 8ಕ್ಕೆ ಮನೆಗೆ ಭೇಟಿ. ತಂದೆಯ ಮಾತು ತೊದಲುತ್ತಿತ್ತು. ವಾರದಲ್ಲಿ ನಾಲ್ಕು ದಿನ ಕುಡಿಯುತ್ತಾರೆಂದು ತಾಯಿ ಹೇಳಿದರು. ಶಾಲೆಯ ಹಾಜರಾತಿ ಜೂನ್‌ನಲ್ಲಿ 22 ದಿನ, ಆಗಸ್ಟ್‌ನಲ್ಲಿ 9 ದಿನ. ಅದೇ ಊರಿನಲ್ಲಿರುವ ಚಿಕ್ಕಮ್ಮ ಮಗುವನ್ನು ನೋಡಿಕೊಳ್ಳಲು ಒಪ್ಪಿದ್ದಾರೆ.’ ಕೊನೆಯ ವಾಕ್ಯ ಇಡೀ ಪ್ರಕರಣದ ದಿಕ್ಕು ಬದಲಿಸುತ್ತದೆ. ಸಂಸ್ಥೆ ಕಟ್ಟಕಡೆಯ ದಾರಿ ಎಂದು ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ (ಮಗು ಕುಟುಂಬದಲ್ಲೇ ಉಳಿಯಲು ಕೊಡುವ ನೆರವು) ಅರ್ಹ ಮಗುವಿಗೆ ತಿಂಗಳಿಗೆ ₹4,000 ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ ₹72,000, ಉಳಿದೆಡೆ ₹96,000 ಮೀರಿರಬಾರದು. ಚಿಕ್ಕಮ್ಮನ ಬಗ್ಗೆ ವಿಚಾರಿಸದೇ ಬಂದರೆ ಈ ದಾರಿ ಸಮಿತಿಯ ಕಣ್ಣಿಗೇ ಬೀಳುವುದಿಲ್ಲ.

ಇನ್ನೊಂದು: ವಯಸ್ಸಿಗೆ ಆಧಾರ್ ನಕಲು ಲಗತ್ತಿಸಿ ಕೈತೊಳೆದುಕೊಳ್ಳಬೇಡಿ. ಬಾಲನ್ಯಾಯ ಕಾಯ್ದೆಯ ಸೆಕ್ಷನ್ 94ರ ಪಟ್ಟಿಯಲ್ಲಿ ಮೊದಲು ಶಾಲೆಯ ಜನ್ಮ ದಿನಾಂಕ ಪತ್ರ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ, ಅದಿಲ್ಲದಿದ್ದರೆ ನಗರಾಡಳಿತ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಆ ಪಟ್ಟಿಯಲ್ಲಿಲ್ಲ.

ಪ್ರಶ್ನೆ: ಬಾಲಕಿಯರ ಗೃಹವೊಂದರಲ್ಲಿ ಹೌಸ್ ಮದರ್ ಆಗಿದ್ದೇನೆ. ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಯ ಕಾಯ್ದೆ) ತರಬೇತಿಯಲ್ಲಿ ಕಾಯ್ದೆ, ಶಿಕ್ಷೆ ಎಲ್ಲ ಹೇಳಿದರು. ಆದರೆ ರಾತ್ರಿ ತಲೆ ಬಾಚುವಾಗ ಒಂದು ಮಗು ‘ಮಾವ ನಂಗೆ ಕೆಟ್ಟದ್ದು ಮಾಡಿದ’ ಅಂದುಬಿಟ್ಟರೆ ನಾನು ಬಾಯಲ್ಲಿ ಏನು ಹೇಳಬೇಕು?

ಉತ್ತರ: ತರಬೇತಿಗಳು ಬಿಟ್ಟುಬಿಡುವುದು ಇದನ್ನೇ. ನಿಮ್ಮ ಕೆಲಸ ಕೇಳಿಸಿಕೊಳ್ಳುವುದು, ತನಿಖೆಯಲ್ಲ. ಬಾಚಣಿಗೆ ಕೆಳಗಿಡಬೇಡಿ, ಗಾಬರಿಯಾಗಿ ಎದ್ದು ನಿಲ್ಲಬೇಡಿ. ‘ಏನಾಯ್ತು ಹೇಳು ಪುಟ್ಟಿ’ ಎನ್ನಿ. ಅವಳು ನಿಂತರೆ ‘ಆಮೇಲೆ?’ ಎನ್ನಿ. ಇಷ್ಟು ಸಾಕು.

‘ಅವನು ಮುಟ್ಟಿದನಾ? ಎದೆ ಮೇಲಾ?’ ಎಂಬ ಪ್ರಶ್ನೆಗಳು ಬೇಡ. ದೊಡ್ಡವರು ಕೇಳಿದ್ದಕ್ಕೆ ಮಕ್ಕಳು ‘ಹೂಂ’ ಎನ್ನುವುದು ಸಹಜ. ಆ ‘ಹೂಂ’ ನಿಜವೇ ಆಗಿದ್ದರೂ, ಉತ್ತರವನ್ನು ಮಗುವಿನ ಬಾಯಿಗೆ ತುರುಕಿದವರು ನೀವೇ ಎಂದು ನ್ಯಾಯಾಲಯದಲ್ಲಿ ಎದುರು ವಕೀಲರು ಹಿಡಿಯುತ್ತಾರೆ. ‘ಯಾಕೆ’ ಎಂಬ ಪ್ರಶ್ನೆಯೂ ಬೇಡ. ‘ಮೊದಲೇ ಯಾಕೆ ಹೇಳಲಿಲ್ಲ’ ಎಂದರೆ ಮಗುವಿಗೆ ಬೈದಂತೆ ಕೇಳಿಸುತ್ತದೆ, ಬಾಯಿ ಅಲ್ಲಿಗೇ ಮುಚ್ಚುತ್ತದೆ.

ಒಂದು ಪ್ರಶ್ನೆ ಮಾತ್ರ ನಮ್ಮ ಭಾಷೆಯಲ್ಲಿ ಕೇಳಲೇಬೇಕು: ‘ಯಾವ ಮಾವ?’ ಅಮ್ಮನ ತಮ್ಮನೂ ಮಾವ, ಅತ್ತೆಯ ಗಂಡನೂ ಮಾವ, ಬೀದಿಯ ಅಂಗಡಿಯವನೂ ಮಾವ. ಇದನ್ನು ಬಿಟ್ಟು ‘ಸೋದರಮಾವ’ ಎಂದು ಬರೆದುಬಿಟ್ಟರೆ ಪೊಲೀಸರು ಬೇರೆ ಮನೆಯ ಬಾಗಿಲು ತಟ್ಟುತ್ತಾರೆ.

‘ಯಾರಿಗೂ ಹೇಳಲ್ಲ’ ಎಂದು ಆಣೆ ಕೊಡಬೇಡಿ. ಅದನ್ನು ನೀವು ಉಳಿಸಿಕೊಳ್ಳಲಾರಿರಿ. ‘ನಿನ್ನನ್ನ ಕಾಪಾಡೋಕೆ ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳ್ತೀನಿ’ ಎನ್ನಿ. ಮಗು ಮಲಗಿದ ಮೇಲೆ, ಅದೇ ರಾತ್ರಿ, ಸಮಯ ಸಮೇತ ಬರೆದಿಡಿ. ನಿಮ್ಮ ಪ್ರಶ್ನೆಯನ್ನೂ ಬರೆಯಿರಿ, ಅವಳ ಉತ್ತರವನ್ನೂ. ಅವಳ ಪದ ಅವಳದೇ ಇರಲಿ. ‘ಕೆಟ್ಟದ್ದು’ ಎಂದದ್ದನ್ನು ‘ಲೈಂಗಿಕ ದೌರ್ಜನ್ಯ’ ಎಂದು ತಿದ್ದಿ ಬರೆದರೆ ಸಾಕ್ಷ್ಯ ಬಲವಾಗುವುದಿಲ್ಲ, ತೆಳ್ಳಗಾಗುತ್ತದೆ.

ಆಮೇಲೆ ತಡಮಾಡದೆ ಸ್ಥಳೀಯ ಠಾಣೆಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಿ. ಮಕ್ಕಳ ಸಹಾಯವಾಣಿ 1098 ಇದ್ದೇ ಇದೆ. ‘ಮೊದಲು ನಮ್ಮೊಳಗೇ ವಿಚಾರಣೆ ಮಾಡೋಣ’ ಎನ್ನುವವರ ಮಾತು ಕೇಳಬೇಡಿ. ತಿಳಿಸದಿರುವುದೇ ಪೋಕ್ಸೊ ಸೆಕ್ಷನ್ 21ರಡಿ ಅಪರಾಧ. ಆರೋಪ ಸಂಸ್ಥೆಯ ಸಿಬ್ಬಂದಿಯ ಮೇಲಿದ್ದರೆ, ಮುಚ್ಚಿಟ್ಟ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸಜೆಯಾಗಬಹುದು. ಹೇಳಿಕೆ ಪಡೆಯಲು ಪೊಲೀಸರು ಸಮವಸ್ತ್ರವಿಲ್ಲದೆ, ಮಗು ಇರುವಲ್ಲಿಗೇ ಬರಬೇಕು. ತುರ್ತು ಚಿಕಿತ್ಸೆಗೆ ಎಫ್‌ಐಆರ್ ಬೇಕಿಲ್ಲ. ಘಟನೆ ಈಚಿನದಾದರೆ ಬಟ್ಟೆ ಒಗೆಯಬೇಡಿ, ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಗುರುತು ಹಾಳಾಗುತ್ತದೆ.

ಪ್ರಶ್ನೆ: ನಮ್ಮ ಸಂಸ್ಥೆ ವರ್ಷಕ್ಕೊಮ್ಮೆ ಎರಡು ದಿನದ ಕಾರ್ಯಾಗಾರ ಮಾಡುತ್ತದೆ. ಎಲ್ಲರೂ ‘ತುಂಬ ಚೆನ್ನಾಗಿತ್ತು’ ಎಂದು ಬರೆದುಕೊಡುತ್ತಾರೆ. ಮೂರು ತಿಂಗಳಲ್ಲಿ ಎಲ್ಲ ಮೊದಲಿನಂತೆಯೇ. ಖರ್ಚು ಹೆಚ್ಚಿಸದೆ ಏನು ಮಾಡಬಹುದು?

ಉತ್ತರ: ಸಂಭ್ರಮದ ದಿನಗಳಿಂದ ಕೈಚಳಕ ಬರುವುದಿಲ್ಲ. ಮಕ್ಕಳ ಸಂದರ್ಶನ ಕಲಿಸುವ ಬಗ್ಗೆ ಮೈಕಲ್ ಲ್ಯಾಂಬ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: ಪ್ರತಿ ಸಂದರ್ಶನವನ್ನೂ ನೋಡಿ ತಿದ್ದುತ್ತಿದ್ದಷ್ಟು ದಿನ ತನಿಖಾಧಿಕಾರಿಗಳು ಒಳ್ಳೆಯ ಪ್ರಶ್ನೆ ಕೇಳಿದರು, ತಿದ್ದುವುದು ನಿಂತ ಮೇಲೆ ಹಳೆಯ ಜಾಡಿಗೇ ಮರಳಿದರು.

ಎರಡು ದಿನವನ್ನು ನಾಲ್ಕು ಅರ್ಧ ದಿನ ಮಾಡಿ, ನಡುವೆ ಹದಿನೈದು ದಿನ ಬಿಡಿ. ಪ್ರತಿ ಸಲ ಒಂದೇ ಕೌಶಲ. ಮಧ್ಯದ ಹದಿನೈದು ದಿನ ಅದನ್ನು ಊರಲ್ಲಿ ಪ್ರಯೋಗಿಸಿ, ಬರೆದುಕೊಂಡು ಬರಬೇಕು. ಆಮೇಲೆ ತಿಂಗಳಿಗೊಮ್ಮೆ 90 ನಿಮಿಷ, ಆರೆಂಟು ಜನ, ಒಂದೇ ಕಡತ. ಹೆಸರು ಮುಚ್ಚಿದ ವರದಿಯನ್ನು ಎಲ್ಲರೂ ಓದಿ, ಕಂಡದ್ದಕ್ಕೆ ಹಸಿರು, ಕೇಳಿದ್ದಕ್ಕೆ ನೀಲಿ, ಅಭಿಪ್ರಾಯಕ್ಕೆ ಕೆಂಪು ಗೆರೆ ಎಳೆಯಲಿ. ಮೊದಲ ತಿಂಗಳು ಹಾಳೆ ಕೆಂಪಾಗಿರುತ್ತದೆ. ಇದಕ್ಕೆ ಬೇಕಾದದ್ದು ಮೂರು ಬಣ್ಣದ ಪೆನ್ನು.

ಸಂದರ್ಶನದ ಅಭ್ಯಾಸಕ್ಕೆ ಮೂವರು ಸಾಕು. ಒಬ್ಬರು ಕೇಳುವವರು, ಒಬ್ಬರು ಮಗುವಿನ ಪಾತ್ರ, ಮೂರನೆಯವರು ಬರೀ ಎಣಿಸುವವರು: ‘ಹೇಳು, ಆಮೇಲೆ’ ಥರದ ಬಿಚ್ಚು ಪ್ರಶ್ನೆಗೆ ಒಂದು ಗೀಟು, ‘ಹೌದಾ ಅಲ್ವಾ’ ಪ್ರಶ್ನೆಗೆ ಇನ್ನೊಂದು ಕಡೆ ಗೀಟು. ಹತ್ತು ನಿಮಿಷದ ನಂತರ ಗೀಟುಗಳನ್ನು ತೋರಿಸಿದರೆ ಭಾಷಣವೇ ಬೇಡ. ಮಗುವಿನ ಪಾತ್ರದವರು ಅತ್ತು ಕರೆದು ನಾಟಕ ಮಾಡುವುದು ಮಾಮೂಲು. ಆಗ ಎಲ್ಲರೂ ನಗುತ್ತಾರೆ, ಕಲಿಕೆ ಕೆಡುತ್ತದೆ. ಅವರ ಕೈಗೆ ಐದು ಸಾಲಿನ ಚೀಟಿ ಕೊಡಿ, ಕೇಳಿದಷ್ಟಕ್ಕೇ ಉತ್ತರಿಸಲಿ. ನಿಜವಾದ ಮಕ್ಕಳನ್ನು ಎಂದೂ ಇದಕ್ಕೆ ಕೂರಿಸಬೇಡಿ.

ಈ ತಿಂಗಳ ಸಭೆ ಸತ್ತುಹೋಗುವುದು ಒಂದೇ ಕಾರಣಕ್ಕೆ: ಯಾರೋ ಅದನ್ನು ಪ್ರಗತಿ ಪರಿಶೀಲನಾ ಸಭೆ ಮಾಡಿಬಿಡುತ್ತಾರೆ. ‘ಎಷ್ಟು ಕೇಸು ಬಾಕಿ’ ಎಂಬ ಪ್ರಶ್ನೆ ಆ ಕೋಣೆಯ ಹೊರಗಿರಲಿ. ಫಲ ಅಳೆಯಲು ತರಬೇತಿ ನಂತರದ ಪರೀಕ್ಷೆ ಬೇಡ, ಅದು ನೆನಪನ್ನಷ್ಟೇ ಅಳೆಯುತ್ತದೆ. ತರಬೇತಿಗೆ ಮುಂಚಿನ ಐದು ವರದಿ, ಆರು ತಿಂಗಳ ನಂತರದ ಐದು ವರದಿ ಪಕ್ಕಪಕ್ಕ ಇಟ್ಟು ನೋಡಿ.

ಹೊರಗಿನ ನೆರವು ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗದಲ್ಲಿರುವ ‘ಸಂವಾದ್’ ಯೋಜನೆ ಬಾಲಮಂದಿರದ ಸಿಬ್ಬಂದಿ ಮೊದಲ್ಗೊಂಡು ಹಲವು ಹಂತದವರಿಗೆ ತರಬೇತಿ ನಡೆಸುತ್ತದೆ. ಕಾನೂನಿನ ವಿಷಯಕ್ಕೆ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ‘ಮಗು ಮತ್ತು ಕಾನೂನು’ ಕೇಂದ್ರವಿದೆ. ಅಂದಹಾಗೆ, ಮಕ್ಕಳೊಂದಿಗೆ ಒಡನಾಡುವ ಸಂಸ್ಥೆಗಳು ಸಿಬ್ಬಂದಿಗೆ ಆಗಾಗ ತರಬೇತಿ ಕೊಡಬೇಕು, ಅವರ ಪೊಲೀಸ್ ಪರಿಶೀಲನೆ ಮಾಡಿಸಬೇಕು ಎಂದು 2020ರ ಪೋಕ್ಸೊ ನಿಯಮಗಳೇ ಹೇಳುತ್ತವೆ. ಆಡಳಿತ ಮಂಡಳಿ ಹಣಕ್ಕೆ ಗೊಣಗಿದರೆ ಆ ನಿಯಮ ತೋರಿಸಿ.

ಪ್ರಶ್ನೆ: ಬಾಲ್ಯವಿವಾಹ ತಡೆದ ತಕ್ಷಣ ಹುಡುಗಿಯ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲು ಹೇಳುತ್ತಾರೆ. ಹಾಕಬಹುದೇ?

ಉತ್ತರ: ಕೂಡದು. ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ಹೆಸರು, ವಿಳಾಸ, ಶಾಲೆ, ಗುರುತು ಹಿಡಿಯುವಂಥ ಯಾವ ವಿವರವನ್ನೂ ಬಯಲು ಮಾಡದಂತೆ ತಡೆಯುತ್ತದೆ. 6 ತಿಂಗಳವರೆಗೆ ಸಜೆ, ₹2 ಲಕ್ಷದವರೆಗೆ ದಂಡ ಅಥವಾ ಎರಡೂ. ಮುಖ ಮಸುಕು ಮಾಡಿ ಹಿಂದಿನ ಗೋಡೆಯ ಮೇಲೆ ಊರಿನ ಹೆಸರು ಬಿಡುವವರೂ ಇದ್ದಾರೆ! ಗುಂಪಿಗೆ ತಾಲೂಕು, ದಿನಾಂಕ, ಕ್ರಮ ಇಷ್ಟು ಬರೆಯಿರಿ. ಉಳಿದದ್ದು ಕಡತದಲ್ಲಿರಲಿ.

ಪ್ರಶ್ನೆ: ಆನ್‌ಲೈನ್ ಪ್ರಮಾಣಪತ್ರಗಳಿಂದ ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯತ್ವಕ್ಕೆ ಅರ್ಹತೆ ಸಿಗುತ್ತದೆಯೇ?

ಉತ್ತರ: ಇಲ್ಲ. ಮಕ್ಕಳ ಮನಶ್ಶಾಸ್ತ್ರ, ಸಮಾಜಕಾರ್ಯ, ಕಾನೂನಿನಂಥ ವಿಷಯದ ಪದವಿ ಇರಲೇಬೇಕು. ಅದರ ಜೊತೆಗೆ ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದಲ್ಲಿ 7 ವರ್ಷ ಸಕ್ರಿಯರಾಗಿರಬೇಕು, ಇಲ್ಲವೇ ಆ ವೃತ್ತಿಯಲ್ಲಿರಬೇಕು. ಕಾಯ್ದೆ ಓದಿಕೊಳ್ಳಲು ಆನ್‌ಲೈನ್ ಕೋರ್ಸ್ ಒಳ್ಳೆಯದೇ.

ಪ್ರಶ್ನೆ: ನಾನು ಗೃಹವೊಂದರ ಅಧೀಕ್ಷಕ. ಒಳ್ಳೆಯ ಸಿಬ್ಬಂದಿ ಒಂದೆರಡು ವರ್ಷದಲ್ಲಿ ಕಲ್ಲಾಗುತ್ತಾರೆ ಅಥವಾ ಬಿಟ್ಟು ಹೋಗುತ್ತಾರೆ. ಇದಕ್ಕೆ ತರಬೇತಿ ಇದೆಯೇ?

ಉತ್ತರ: ಯೋಗ ಶಿಬಿರದಿಂದ ಆಗುವ ಕೆಲಸವಲ್ಲ. ಮಗುವನ್ನು ಹೆಸರು ಬಿಟ್ಟು ‘ಆ ಕೇಸು’ ಎನ್ನತೊಡಗಿದರೆ, ಬೇರೆ ಬೇರೆ ಮಕ್ಕಳ ವರದಿಗಳಲ್ಲಿ ಒಂದೇ ವಾಕ್ಯ ಮರುಕಳಿಸಿದರೆ, ಆ ಸಿಬ್ಬಂದಿ ದಣಿದಿದ್ದಾರೆ ಎಂದು ತಿಳಿಯಿರಿ. ಕಠಿಣ ಘಟನೆಯಾದ ಒಂದೆರಡು ದಿನದಲ್ಲಿ ಅವರೊಂದಿಗೆ ಕೂತು ಮಾತಾಡಿ. ಇದಲ್ಲದೆ ತಿಂಗಳಿಗೊಮ್ಮೆ ಒಬ್ಬೊಬ್ಬರಿಗೂ 45 ನಿಮಿಷ ಮೀಸಲಿಡಿ, ಬಾಗಿಲು ಮುಚ್ಚಿ, ಫೋನ್ ಆಚೆ ಇಟ್ಟು. ಯಾವ ಮಗುವಿನ ವಿಷಯ ಮನೆಗೂ ಹಿಂಬಾಲಿಸಿ ಬರುತ್ತಿದೆ, ಯಾವ ಮಗುವಿನ ಮೇಲೆ ಸಿಟ್ಟು ಬರುತ್ತಿದೆ ಎಂದು ಕೇಳಿ. ಎರಡನೆಯ ಪ್ರಶ್ನೆ ಹೆಚ್ಚು ಮುಖ್ಯ. ನಿದ್ದೆ ಕೆಟ್ಟವರಿಗೆ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಡಿ, ಕನ್ನಡದಲ್ಲೇ ಮಾತಾಡಬಹುದು. ಈ ಮಾತುಕತೆಯಲ್ಲಿ ಕೇಳಿದ್ದನ್ನು ಗುತ್ತಿಗೆ ನವೀಕರಣದ ಟಿಪ್ಪಣಿಗೆ ಎಳೆತಂದಿರೋ, ಮುಂದಿನ ತಿಂಗಳಿಂದ ಎಲ್ಲರೂ ‘ಏನಿಲ್ಲ ಸರ್, ಚೆನ್ನಾಗಿದೀನಿ’ ಎನ್ನುತ್ತಾರೆ.